ತೇಲಿ ಬಂದವರು

ಗೋರಿ ಅಗೆಯುವ ಬಸುವಾಲ್ದೊ ಶವಪೆಟ್ಟಿಗೆಯ ಕೊಳೆತ ಮುಚ್ಚಳದಿಂದ ಒಂದು ಹಲಗೆ ಎತ್ತಿ ಒಳಗೆ ಇಣುಕಿದವನು ಅದನ್ನು ಮೆಲ್ಲಗೆ ಇದ್ದ ಜಾಗದಲ್ಲೇ ವಾಪಸು ಇಟ್ಟುಬಿಟ್ಟ. ಎದೆಮಟ್ಟದ ಗುಂಡಿಯಲ್ಲಿ ನಿಂತೇ ಕೈಗವಸು ಬಿಚ್ಚಿ ಹಣೆ ಒರೆಸಿಕೊಂಡ. ಆಮೇಲೆ ತಲೆಯೆತ್ತಿ ನಿಲ್ದಾಳನ್ನು ನೋಡಿದ.

“ನಿಮ್ಮಪ್ಪನಿಗೆ ಏನು ತೊಡಿಸಿ ಮಣ್ಣು ಮಾಡಿದ್ರಿ, ನೆನಪಿದೆಯಾ?”

“ನೀಲಿ ಸೂಟು,” ಎಂದಳು ನಿಲ್ದಾ. “ಮದುವೆದು. ಯಾಕೆ?”

“ಹಂಗಾದ್ರೆ ಇದು ಅವರಲ್ಲ.”

ಸಾನ್ ಎಲಿಯಾಸಿನ ಸ್ಮಶಾನದಲ್ಲಿ ಜಾಗ ಕಡಿಮೆ. ಗಂಡನ ಜೊತೆ ಹೆಂಡತಿಯನ್ನು ಇಡಬೇಕೆಂದರೆ ಹಳೆಯ ಗೋರಿ ತೆರೆದು, ಉಳಿದಿರುವ ಮೂಳೆಗಳನ್ನು ಸಣ್ಣ ಪೆಟ್ಟಿಗೆಯಲ್ಲಿ ತುಂಬಿ, ಅದರ ಮೇಲೆ ಹೊಸ ಶವಪೆಟ್ಟಿಗೆ ಇಳಿಸುವುದು ರೂಢಿ. ಆಗ ಮನೆಯವರು ಎದುರಿಗೆ ಇರಬೇಕು. ಅದಕ್ಕೇ ನಿಲ್ದಾ ತಾಯಿಯ ಶವವನ್ನು ಚರ್ಚಿನಲ್ಲಿ ನೆರೆಹೊರೆಯ ಹೆಂಗಸರಿಗೆ ಒಪ್ಪಿಸಿ, ಅಪ್ಪನ ತಮ್ಮ ಎವರಿಸ್ತೊನನ್ನು ಕರೆದುಕೊಂಡು ಮುಂಚೆಯೇ ಇಲ್ಲಿಗೆ ಬಂದಿದ್ದಳು. ಚರ್ಚಿನ ಬಲಿಪೂಜೆ ಮುಗಿದ ಕೂಡಲೇ ತಾಯಿ ಒತಿಲಿಯಾಳ ಪೆಟ್ಟಿಗೆ ಹೊತ್ತ ಗಾಡಿ ಬರುತ್ತದೆ. ಅದರ ಹಿಂದೆ ಜನ ಬರುತ್ತಾರೆ. ಬರುವವರಲ್ಲಿ ಮುಕ್ಕಾಲು ಪಾಲು ವಿಲ್ಲಾ ಲೌಕೆನ್‌ನವರು, ನೀರಲ್ಲಿ ಮುಳುಗಿಹೋದ ಆ ಊರಿನಿಂದ ಎದ್ದುಬಂದು ಇಲ್ಲಿ ಮುದುಕರಾದವರು.

ಬೇರೆ ಯಾರದೋ ಗೋರಿ ಅಗೆದಿದ್ದೀಯ ಎಂದು ಎವರಿಸ್ತೊ ರೇಗಿದ. ಬಸುವಾಲ್ದೊ ತಲೆಯ ಕಡೆಯ ಕಲ್ಲು ತೋರಿಸಿದ. ಕಲ್ಲಿನ ಮೇಲಿನ ಹಿತ್ತಾಳೆ ಫಲಕದಲ್ಲಿ ಅಪ್ಪನ ಹೆಸರು, ಸೆವೆರೀನೊ ಹೆಫ್ನರ್ ಎಂದು, ಸ್ಪಷ್ಟವಾಗಿಯೇ ಇತ್ತು. ಪ್ರತಿ ಭಾನುವಾರ ಒತಿಲಿಯಾ ತನ್ನ ಶಾಲಿನ ತುದಿಯಿಂದ ಒರೆಸುತ್ತಿದ್ದ ಫಲಕ ಅದು.

ಬಸುವಾಲ್ದೊ ಮತ್ತೆ ಬಗ್ಗಿದ. ಈ ಸಲ ಮೇಲಕ್ಕೆ ಚಾಚಿದ ಅವನ ಕೈಯಲ್ಲಿ ಆಮೆಚಿಪ್ಪಿನ ಎತ್ತರದ ಬಾಚಣಿಗೆಯೊಂದಿತ್ತು. ಹಲ್ಲುಗಳಿಗೆ ಬಿಳಿಯ ಕೂದಲು ಇನ್ನೂ ಸುತ್ತಿಕೊಂಡಿತ್ತು. ಅದರ ಹಿಂದೆ ಒಂದು ಬೀಗದಕೈ ಗೊಂಚಲು ಬಂತು. ಕಿಲುಬು ಹಿಡಿದು ಹಸಿರಾದ ದೊಡ್ಡ ಉಂಗುರ, ಅದರ ತುಂಬ ಕೀಲಿಗಳು, ಒಂದೊಂದಕ್ಕೂ ಮೊಟ್ಟೆಯಾಕಾರದ ಬಿಲ್ಲೆ.

ನಿಲ್ದಾ ಒಂದು ಬಿಲ್ಲೆಯನ್ನು ಹೆಬ್ಬೆರಳಿನಿಂದ ಉಜ್ಜಿದಳು. ಅರ್ಧ ಸೂರ್ಯನ ಚಿತ್ರ ಕಾಣಿಸಿತು, ಅದರ ಕೆಳಗೆ ಕೋಣೆಯ ಸಂಖ್ಯೆ. ಆ ಸೂರ್ಯನನ್ನು ಅವಳು ಚಿಕ್ಕಂದಿನಲ್ಲಿ ಹೊತ್ತು ತಿರುಗಿದ ಪ್ರತಿಯೊಂದು ದುಪ್ಪಟಿಯ ಮೂಲೆಯಲ್ಲೂ ಕಂಡಿದ್ದಳು. ಅದು ಹೋಟೆಲ್ ಅರೋರಾದ ಗುರುತು.

“ಪಿಯೆರಿನಾ,” ಎಂದ ಎವರಿಸ್ತೊ. ಪಕ್ಕಕ್ಕೆ ತಿರುಗಿ ಉಗಿದ. “ಆ ಅನ್ಸಾಲ್ದೊನ ಅಮ್ಮ.”

ನಿಲ್ದಾಳಿಗೆ ಆಸ್ಪತ್ರೆಯಲ್ಲಿ ತಾಯಿ ಕೊನೆಯ ಸಲ ಕಣ್ಣು ಬಿಟ್ಟಿದ್ದು ನೆನಪಾಯಿತು. “ನನ್ನನ್ನ ಆ ಗುಂಡಿಗೆ ಹಾಕಬೇಡ. ಬೇರೆ ಎಲ್ಲಾದ್ರೂ ಇಡು,” ಎಂದಿದ್ದಳು. ಜ್ವರದ ತಲೆ, ಏನೋ ಬಡಬಡಿಸುತ್ತಾಳೆ ಅಂದುಕೊಂಡಿದ್ದಳು ನಿಲ್ದಾ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಮಲಗಿದರೆ ನೋಡಿದವರು ಏನಂದಾರು ಎಂದು ಯೋಚಿಸಿದ್ದಳು.

*

ಲೌಕೆನ್‌ನ ಕೆರೆಯ ನೀರು ಸಮುದ್ರಕ್ಕಿಂತ ಉಪ್ಪು. ಅದರಲ್ಲಿ ಬಿದ್ದವರು ಮುಳುಗುತ್ತಿರಲಿಲ್ಲ. ಕಟುಕರ ಮನೆಯ ದಢೂತಿ ಹೆಂಗಸು ಕೂಡ ಬೆಂಡಿನ ಹಾಗೆ ತೇಲುತ್ತಿದ್ದಳು. ಬೇಸಿಗೆ ಬಂತೆಂದರೆ ರಾಜಧಾನಿಯಿಂದ ರೈಲು ತುಂಬ ಕೀಲುನೋವಿನವರು, ಚರ್ಮರೋಗದವರು, ಸುಮ್ಮನೆ ಕುಣಿದು ಕುಪ್ಪಳಿಸಲು ಬಂದವರು ಇಳಿಯುತ್ತಿದ್ದರು. ಸೆವೆರೀನೊ ನಿಲ್ದಾಣದಲ್ಲಿ ಅವರ ಪೆಟ್ಟಿಗೆ ಹೊರುತ್ತಿದ್ದ. ಅವನ ಹೆಂಡತಿ ಒತಿಲಿಯಾ ಅರೋರಾದ ಸ್ನಾನಗೃಹದಲ್ಲಿ ಅವರ ಮಂಡಿಗೆ, ಸೊಂಟಕ್ಕೆ ಕೆರೆಯ ಬಿಸಿ ಕಪ್ಪುಕೆಸರು ಮೆತ್ತಿ ದುಪ್ಪಟಿಯಲ್ಲಿ ಸುತ್ತುತ್ತಿದ್ದಳು. ಅವಳ ಉಗುರಿನ ಸಂದಿಯ ಕೆಸರು ಮದುವೆ ಮನೆಗೆ ಹೊರಟಾಗಲೂ ಹೋಗುತ್ತಿರಲಿಲ್ಲ. ಅವಳು ಕೊಯ್ದುಕೊಟ್ಟ ಬ್ರೆಡ್ಡಿಗೆ ಕೆರೆಯ ವಾಸನೆ ಇರುತ್ತಿತ್ತು.

ಅರೋರಾದ ಮಾಲೀಕ ರೆನಾತೊ ಅನ್ಸಾಲ್ದೊ. ಆದರೆ ಹೋಟೆಲು ನಡೆಯುತ್ತಿದ್ದದ್ದು ಅವನ ತಾಯಿ ಡೊನ್ಯಾ ಪಿಯೆರಿನಾಳ ಗದರಿಕೆಯಿಂದ. ಸೊಂಟದ ಬೀಗದಕೈ ಗೊಂಚಲಿನ ಸದ್ದು ಪಡಸಾಲೆಯ ಆ ತುದಿಯಲ್ಲಿ ಕೇಳಿದರೆ ಈ ತುದಿಯ ಕೆಲಸದವರು ನೆಟ್ಟಗಾಗುತ್ತಿದ್ದರು. ದುಪ್ಪಟಿಯಲ್ಲಿ ಉಪ್ಪಿನ ಕಲೆ, ಮೆಟ್ಟಿಲ ಮೇಲೆ ಕೆಸರಿನ ಬಕೆಟ್ಟು, ಎಲ್ಲದಕ್ಕೂ ಅವಳ ಬಾಯಿಗೆ ಸಿಗುತ್ತಿದ್ದವಳು ಒತಿಲಿಯಾ. ಒಂದು ಬೇಸಿಗೆಯಲ್ಲಿ ಮುದುಕಿ ತೀರಿಕೊಂಡಳು. ಅವಳು ಕೇಳಿಕೊಂಡಿದ್ದಂತೆ ಗೊಂಚಲನ್ನು ಸೊಂಟಕ್ಕೆ ಕಟ್ಟಿಯೇ ಕೆರೆದಂಡೆಯ ದಿಬ್ಬದ ಮೇಲಿನ ಸ್ಮಶಾನದಲ್ಲಿಟ್ಟರು. ಮಾರನೆಯ ವರ್ಷ ಸೆವೆರೀನೊ ಹೆಗಲ ಮೇಲೆ ಯಾರದೋ ಪೆಟ್ಟಿಗೆ ಇರುವಾಗಲೇ ಪ್ಲಾಟ್‌ಫಾರ್ಮಿನಲ್ಲಿ ಕುಸಿದ. ಅವನನ್ನೂ ಅದೇ ಸ್ಮಶಾನದ ಗೋಡೆಗೂಡಿನಲ್ಲಿಟ್ಟು ಮುಂದೆ ಕಲ್ಲು ಮುಚ್ಚಿದರು.

ಕೆರೆ ಮಾತ್ರ ವರ್ಷದಿಂದ ವರ್ಷಕ್ಕೆ ಉಬ್ಬುತ್ತಾ ಬಂತು. ಊರಿಗೂ ನೀರಿಗೂ ನಡುವೆ ಒಂದು ಮಣ್ಣಿನ ಏರಿ, ಅಷ್ಟೇ. ಆ ನವೆಂಬರಿನಲ್ಲಿ ಮಳೆ ಬಿಡಲೇ ಇಲ್ಲ. ಅರೋರಾದ ಊಟದ ಹಜಾರದಲ್ಲಿ ಊರವರ ಸಭೆ ಸೇರಿತು. ಸಭೆಯಲ್ಲಿ ಎಂದೂ ಬಾಯಿಬಿಡದ ಒತಿಲಿಯಾ ಎದ್ದುನಿಂತು, ಹೋಟೆಲಿನ ಲಾರಿ ಒಂದು ದಿನಕ್ಕೆ ಬೇಕು ಎಂದು ಕೇಳಿದಳು. ಮನೆಯ ಸಾಮಾನನ್ನೂ ಸೆವೆರೀನೊನ ಪೆಟ್ಟಿಗೆಯನ್ನೂ ಮೇಲೆ ಸಾನ್ ಎಲಿಯಾಸಿಗೆ ಸಾಗಿಸಬೇಕು ಎಂದಳು.

ಹೋಟೆಲು ಮಾಲೀಕರ ಸಂಘಕ್ಕೆ ಅನ್ಸಾಲ್ದೊನೇ ಅಧ್ಯಕ್ಷ. ಅವನು ನಗುನಗುತ್ತಲೇ ಹೇಳಿದ್ದ: “ಒತಿಲಿಯಾ, ನಮ್ಮ ಕೆರೇಲಿ ಮುಳುಗೋಣ ಅಂದ್ರೂ ಮುಳುಗೋಕಾಗಲ್ಲ. ನಿಲ್ದಾಣದ ಬೋರ್ಡಲ್ಲೇ ಬರೆಸಿದೀವಲ್ಲ.”

ಹಜಾರ ಗೊಳ್ಳೆಂದಿತು. ಬಾಗಿಲಲ್ಲಿ ನಿಂತಿದ್ದ ನಿಲ್ದಾಳಿಗೆ ಹಿಂದಿನಿಂದ ತಾಯಿಯ ಕತ್ತು ಕೆಂಪಗಾಗಿದ್ದು ಮಾತ್ರ ಕಂಡಿತು. ಬೇಸಿಗೆಯ ಗಿರಾಕಿಗಳು ಬರುವ ಮುಂಚೆ ಊರಲ್ಲಿ ಹೆದರಿಕೆ ಹಬ್ಬಿಸುವವರು ಬೇರೆ ಕಡೆ ಕೆಲಸ ನೋಡಿಕೊಳ್ಳಬಹುದು ಎಂದೂ ಅವನು ಸೇರಿಸಿದ. ಅದೇ ವಾರ ಅದೇ ಲಾರಿಯಲ್ಲಿ ಅವನ ಮನೆಯ ಪಿಯಾನೊ, ಕಪಾಟು, ಹಾಸಿಗೆ ಸದ್ದಿಲ್ಲದೆ ಊರು ಬಿಟ್ಟಿದ್ದವು ಎಂದು ಎಲ್ಲರಿಗೂ ಗೊತ್ತಾದದ್ದು ಏರಿ ಒಡೆದ ಮೇಲೆ.

ಯಾರೂ ಸಾಯಲಿಲ್ಲ. ನೀರು ಅವಸರವಿಲ್ಲದ ನೆಂಟನ ಹಾಗೆ ಒಂದೊಂದೇ ಬೀದಿ ದಾಟಿಕೊಂಡು ಬಂತು. ಜನ ಹಾಸಿಗೆ, ಕೋಳಿ, ಹೊಲಿಗೆ ಮಿಷಿನ್ನು ಹೊತ್ತುಕೊಂಡು ರೈಲುಹಳಿಯ ಮೇಲೆ ನಡೆದರು. ಕೆಲವೇ ದಿನಕ್ಕೆ ಬಾಗಿಲು ಮುಳುಗಿ, ಕಿಟಕಿ ಮುಳುಗಿ, ಕೊನೆಗೆ ಅರೋರಾದ ಹೊಗೆಗೂಡೊಂದು ಉಳಿಯಿತು. ಆಮೇಲೆ ಅದೂ ಇಲ್ಲ.

*

ಸ್ಮಶಾನದ ಗೇಟಿನ ಬಳಿ ಹೂವು ಮಾರುತ್ತಿದ್ದ ಮುದುಕ ಲಿಸಾರ್ದೊನನ್ನು ಎವರಿಸ್ತೊ ತೋಳು ಹಿಡಿದು ಎಳೆದುಕೊಂಡು ಬಂದ. ಆಗ ದೋಣಿ ಇದ್ದದ್ದು ಅವನೊಬ್ಬನ ಬಳಿ. ನೀರು ಏರುವುದು ನಿಂತ ಮೇಲೆ ಮುಳುಗಿದ ಸ್ಮಶಾನಕ್ಕೆ ಜನರನ್ನು ಕರೆದುಕೊಂಡು ಹೋಗಿ, ಸಿಕ್ಕವರ ಪೆಟ್ಟಿಗೆಗಳನ್ನು ಎಳೆದು ತಂದವನೂ ಅವನೇ.

ಗುಂಡಿಯನ್ನೂ ಗೊಂಚಲನ್ನೂ ನೋಡಿದ ಲಿಸಾರ್ದೊಗೆ ಆಶ್ಚರ್ಯವೇನೂ ಆಗಲಿಲ್ಲ. ಒಂದಲ್ಲ ಒಂದು ದಿನ ತೆಗೀತೀರಿ ಅಂತ ಗೊತ್ತಿತ್ತು ಎಂದ. ಎವರಿಸ್ತೊ ಅವನ ಕೊರಳಪಟ್ಟಿಗೆ ಕೈಹಾಕಿದಾಗ ನಿಲ್ದಾ ನಡುವೆ ಬಂದು ಬಿಡಿಸಬೇಕಾಯಿತು. ಹೇಳಲಿ ಬಿಡು ಚಿಕ್ಕಪ್ಪ ಎಂದಳು.

ಆ ದಿನ ಗಾಳಿ ಜೋರಾಗಿತ್ತಂತೆ. ಅವತ್ತೇ ಕೊನೆ, ನಾಳೆಯಿಂದ ದೋಣಿ ಬಿಡಬಾರದು ಎಂದು ಆಜ್ಞೆಯಾಗಿತ್ತು. ನೀರಿನ ಮೇಲೆ ಶಿಲುಬೆಗಳ ತಲೆ, ಸೈಪ್ರೆಸ್ ಮರಗಳ ತುದಿ ಕಾಣುತ್ತಿದ್ದವು. ಒತಿಲಿಯಾ ಗಂಡನ ಗೂಡಿದ್ದ ಗೋಡೆಯನ್ನು ಹುಡುಕಿದಳು. ಗೋಡೆಯೇ ಕುಸಿದಿತ್ತು. ದೋಣಿಯ ಅಂಚಿನಿಂದ ತೋಳುದ್ದ ಕೈ ಇಳಿಬಿಟ್ಟು ಕಲ್ಲು ತಡಕಿದಳು, ಕೊಕ್ಕೆ ಹಾಕಿ ಎಳೆದಳು. ಕೈಯೆಲ್ಲ ಕಿತ್ತು ರಕ್ತ ಬಂತು. ಸೆವೆರೀನೊ ಯಾವತ್ತೋ ತೇಲಿಹೋಗಿದ್ದ. ಹಿಂತಿರುಗೋಣ ಎಂದು ಲಿಸಾರ್ದೊ ದೋಣಿ ತಿರುಗಿಸಿದಾಗ ಒಂದು ಮರದ ತುದಿಗೆ ಸಿಕ್ಕಿಕೊಂಡು, ಅಲೆಗೊಮ್ಮೆ ಬಡಿದುಕೊಳ್ಳುತ್ತಾ ಒಂದು ಪೆಟ್ಟಿಗೆ ಕಂಡಿತು. ಮುಚ್ಚಳ ಸೊಟ್ಟಗಾಗಿತ್ತು. ಒಳಗಿನ ಗೊಂಚಲು ಅಲೆ ಬಂದಾಗಲೆಲ್ಲ ಸದ್ದು ಮಾಡುತ್ತಿತ್ತು.

“ಬಿಡು ಒತಿಲಿಯಾ, ಅವನಮ್ಮ, ಅವನೇ ಬಂದು ಎತ್ಕೊಳ್ಳಲಿ ಅಂದೆ ನಾನು,” ಎಂದ ಲಿಸಾರ್ದೊ. “ಅವಳು ಪೆಟ್ಟಿಗೇನೇ ನೋಡ್ತಿದ್ಲು. ಆಮೇಲೆ ಹಗ್ಗ ಇಸ್ಕೊಂಡು ತಾನೇ ಕಟ್ಟಿದ್ಲು. ‘ಈ ಮುದುಕಿ ದಿನಾ ನನಗೆ ಬೈದವಳು. ಇಲ್ಲೇ ಬಿಟ್ಟು ಹೋದ್ರೆ ಕನಸಲ್ಲೂ ಬಂದು ಬೈತಾಳೆ’ ಅಂದ್ಲು.”

“ಅವನಿಗೆ ಯಾಕೆ ಹೇಳಲಿಲ್ಲ?” ಎಂದಳು ನಿಲ್ದಾ.

“ಬಂದು ಕೇಳಲಿ, ಕೊಡ್ತೀನಿ ಅಂದ್ಲು. ಅಲ್ಲೀ ತನಕ ನಾನು ಬಾಯಿ ಬಿಡಬಾರದು ಅಂತ ಆಣೆ ಹಾಕಿಸ್ಕೊಂಡ್ಲು.”

ದಂಡೆಯಲ್ಲಿ ಕಾಯುತ್ತಿದ್ದ ಆ ಸಂಜೆ ನಿಲ್ದಾಳಿಗೆ ಚೆನ್ನಾಗಿ ನೆನಪಿತ್ತು. ಟಾರ್ಪಾಲಿನಲ್ಲಿ ಬಿಗಿದ ಪೆಟ್ಟಿಗೆಯನ್ನು ಯಾರಿಗೂ ಮುಟ್ಟಗೊಡದೆ ತಾಯಿ ಪಕ್ಕದಲ್ಲಿ ನಿಂತಿದ್ದಳು. ಅಪ್ಪ ಸಿಕ್ಕಿದ್ರಾ ಎಂದು ಇವಳು ಅಳುತ್ತ ಕೇಳಿದ್ದಳು. ಅದಕ್ಕೆ ಒತಿಲಿಯಾ ಹೌದು ಎಂದಿರಲಿಲ್ಲ, ಇಲ್ಲ ಎಂದೂ ಇರಲಿಲ್ಲ. “ಆ ಕಡೆ ಹಿಡ್ಕೋ, ಭಾರ ಇದೆ,” ಎಂದಿದ್ದಳು. ಆಮೇಲೆ ಎವರಿಸ್ತೊ ಅಣ್ಣನ ಹೆಸರಿನ ಫಲಕ ಮಾಡಿಸಿ ತಂದಾಗಲೂ ಅವಳು ಬಾಯಿ ಬಿಡಲಿಲ್ಲ. ಭಾನುವಾರ ತಪ್ಪದೆ ಬಂದು ಕಳೆ ಕೀಳುತ್ತಿದ್ದಳು, ಹೂವಿಡುತ್ತಿದ್ದಳು, ಗಾಳಿ ಜಾಸ್ತಿ ಎಂದು ಎದ್ದುಬಿಡುತ್ತಿದ್ದಳು. ಗೋರಿಯ ಮುಂದೆ ಒಮ್ಮೆಯೂ ಗಂಡನ ಹೆಸರು ಹಿಡಿದು ಕರೆದವಳಲ್ಲ. ಅಮ್ಮನ ಎದೆ ಒಣಗಿಹೋಗಿದೆ ಎಂದೇ ನಿಲ್ದಾ ತಿಳಿದಿದ್ದಳು.

“ಮೂವತ್ತು ವರ್ಷ,” ಎಂದ ಎವರಿಸ್ತೊ. “ಮೂವತ್ತು ವರ್ಷ ಆ ಕಳ್ಳನ ಅಮ್ಮನ ಮುಂದೆ ಕೂತು ಅಣ್ಣಾ ಅಣ್ಣಾ ಅಂತ ಅತ್ತಿದೀನಿ.” ಅವನು ಬಸುವಾಲ್ದೊನ ಕಡೆ ತಿರುಗಿದ. ದಿಕ್ಕಿಲ್ಲದವರ ಮೂಳೆ ಹಾಕುವ ಹೊಂಡ ಹಿಂದೆ ಇದೆಯಲ್ಲ, ಇದನ್ನ ಒಯ್ದು ಅಲ್ಲಿ ಸುರಿ, ಗಾಡಿ ಬರೋದ್ರೊಳಗೆ ಮುಗಿಸು ಎಂದ. ನಾವು ನಾಲ್ಕು ಜನ ಬಾಯಿ ಮುಚ್ಚಿಕೊಂಡರೆ ಊರಿಗೆ ಹೇಗೆ ಗೊತ್ತಾಗುತ್ತೆ ಎಂದೂ ಕೇಳಿದ.

ಬಸುವಾಲ್ದೊ ನಿಲ್ದಾಳ ಮುಖ ನೋಡಿದ. ಗೋರಿಯ ಜಾಗ ಅವಳ ಹೆಸರಿನಲ್ಲಿತ್ತು. ಚರ್ಚಿನ ಗಂಟೆ ಶುರುವಾಯಿತು. ಗಾಡಿ ಹೊರಟಿತೆಂದು ಅರ್ಥ.

ನಿಲ್ದಾ ಗೇಟಿನತ್ತ ನೋಡಿದಳು. ಆಚೆ ರಸ್ತೆಯ ಬದಿಯಲ್ಲಿ ಒಬ್ಬ ಮುದುಕ ಕೋಲೂರಿಕೊಂಡು ನಿಂತಿದ್ದ. ಅವನು ಅಲ್ಲಿರುತ್ತಾನೆಂದು ಅವಳಿಗೆ ಗೊತ್ತಿತ್ತು. ವಿಲ್ಲಾ ಲೌಕೆನ್‌ನವರು ಯಾರೇ ಸತ್ತರೂ ಅನ್ಸಾಲ್ದೊ ಬರುತ್ತಿದ್ದ. ಗೇಟಿನ ಒಳಗೆ ಕಾಲಿಡುತ್ತಿರಲಿಲ್ಲ. ಹೋಗು ಎಂದು ಯಾರೂ ಅನ್ನುತ್ತಿರಲಿಲ್ಲ, ಬಾ ಎಂದೂ ಕರೆಯುತ್ತಿರಲಿಲ್ಲ.

“ಮುಟ್ಟಬೇಡ,” ಎಂದಳು ಬಸುವಾಲ್ದೊಗೆ. ಗೊಂಚಲು ಹಿಡಿದು ಹೊರಟಳು. ಹಿಂದಿನಿಂದ ಚಿಕ್ಕಪ್ಪ ಕರೆದದ್ದು ಕೇಳಿಸಿತು. ತಿರುಗಲಿಲ್ಲ.

*

ಹತ್ತಿರ ಬಂದವಳನ್ನು ಕಂಡು ಅನ್ಸಾಲ್ದೊ ಒಂದು ಹೆಜ್ಜೆ ಹಿಂದೆ ಸರಿದ. ಬೈಯಲು ಬಂದಳೆಂದು ತಿಳಿದಿರಬೇಕು. ನಿಮ್ಮ ತಾಯಿ ದೊಡ್ಡ ಹೆಂಗಸು ಎಂದು ಏನೋ ಹೇಳತೊಡಗಿದ.

“ಡೊನ್ ರೆನಾತೊ, ಡೊನ್ಯಾ ಪಿಯೆರಿನಾ ಇಲ್ಲಿದಾರೆ,” ಎಂದಳು ನಿಲ್ದಾ. ಬೇರೆ ಹೇಗೆ ಹೇಳುವುದೆಂದು ಅವಳಿಗೆ ತೋಚಲಿಲ್ಲ. “ಅಪ್ಪನ ಗೋರೀಲಿ. ಅಮ್ಮ ನೀರಿಂದ ತಂದಿಟ್ಟಿದ್ಲು.”

ಅವನು ಗೊಂಚಲನ್ನು ನೋಡಿದ. ಕೈ ಚಾಚಲಿಲ್ಲ. ಮುಖದಲ್ಲಿ ಮೊದಲು ಏನೂ ಆಗಲಿಲ್ಲ, ಆಮೇಲೆ ಬಾಯಿಯ ಒಂದು ಬದಿ ಎಳೆದುಕೊಂಡಿತು.

“ವರ್ಷಾವರ್ಷ ನಾನು ನೀರಿಗೆ ಹೂ ಬಿಡ್ತಿದ್ದೆ. ಒಂದು ಸಲ ನಿಮ್ಮಮ್ಮ ಅಲ್ಲೇ ನಿಂತಿದ್ಲು. ನೋಡ್ತಾ ನಿಂತಿದ್ಲು.” ಅವನ ದನಿ ಏರಿತು. “ಒಂದು ಮಾತು. ಒಂದೇ ಒಂದು ಮಾತು ಹೇಳಬಹುದಿತ್ತಲ್ಲ.”

“ನೀವೂ ಒಂದು ಮಾತು ಕೇಳಬಹುದಿತ್ತು.”

“ಕೇಳೋಕೆ ಬಂದಿದ್ದೆ,” ಎಂದ ಅನ್ಸಾಲ್ದೊ. “ಲಿಸಾರ್ದೊನ ಹತ್ರ ಹೋಗಿದ್ದೆ. ನನ್ನನ್ನ ಕೇಳಬೇಡ, ಒತಿಲಿಯಾನ ಕೇಳು ಅಂದ. ನಿಮ್ಮನೆ ಬಾಗಿಲ ತನಕ ಬಂದೆ. ಒಳಗೆ ಮಿಷಿನ್ ಹೊಲೀತಿತ್ತು. ನಿಲ್ಲಲಿ, ಆಮೇಲೆ ತಟ್ಟೋಣ ಅಂತ ಕಾದೆ. ನಿಲ್ಲಲೇ ಇಲ್ಲ. ಎಷ್ಟು ಹೊತ್ತು ಅಂತ ನಿಂತಿರಲಿ ಹೇಳು. ಹೊರಟುಬಂದೆ.”

ಸರ್ಕಾರ ಕೊಟ್ಟ ಸಾಲುಮನೆಗೆ ಬಂದ ಮೊದಲ ಚಳಿಗಾಲದ ಒಂದು ಸಂಜೆ ನಿಲ್ದಾಳ ಕಣ್ಣ ಮುಂದೆ ನಿಂತಿತ್ತು. ಅವಳು ಅಡಿಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ತಾಯಿ ಮುಂದಿನ ಕೋಣೆಯಲ್ಲಿ ಮಿಷಿನ್ನು ತುಳಿಯುತ್ತಿದ್ದಳು. ಇಣುಕಿ ನೋಡಿದರೆ ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, ಮುಚ್ಚಿದ ಬಾಗಿಲನ್ನೇ ನೋಡುತ್ತ ಒತಿಲಿಯಾ ತುಳಿಯುತ್ತಲೇ ಇದ್ದಳು. ಏನಾಯ್ತಮ್ಮ ಎಂದರೆ ಕೈಯೆತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದ್ದಳು. ಆಮೇಲೆ ಕಾಲು ನಿಲ್ಲಿಸಿ, ಎದ್ದು, ಬಾಗಿಲು ತೆರೆದು ಖಾಲಿ ಬೀದಿಯನ್ನು ನೋಡಿ ಬಂದಿದ್ದಳು. ಆ ರಾತ್ರಿ ಊಟ ಮಾಡಿರಲಿಲ್ಲ.

ಅದನ್ನು ನಿಲ್ದಾ ಅನ್ಸಾಲ್ದೊಗೆ ಹೇಳಲಿಲ್ಲ. “ಬನ್ನಿ,” ಎಂದಳು. ಅವನು ಗೇಟಿನ ಹೊಸ್ತಿಲನ್ನು ದಾಟುವಾಗ ತಡವರಿಸಿದ. ಅವಳು ಮೊಣಕೈ ಹಿಡಿದಳು.

ಅಷ್ಟರಲ್ಲಿ ಗಾಡಿಯೂ ಒಳಗೆ ಬಂದಿತ್ತು. ಆರು ಜನ ಗಂಡಸರು ಒತಿಲಿಯಾಳ ಪೆಟ್ಟಿಗೆಯನ್ನು ಹೆಗಲಿಗೇರಿಸಿದ್ದರು. ಜನ ಅನ್ಸಾಲ್ದೊನನ್ನು ಕಂಡು ಮೊದಲು ಬೆಚ್ಚಿದರು, ಆಮೇಲೆ ಗುಸುಗುಸು ಶುರುವಾಯಿತು. ಲಿಸಾರ್ದೊ ಅವರ ನಡುವೆ ಹೊಕ್ಕು ಒಬ್ಬೊಬ್ಬರಿಗೂ ಹೇಳುತ್ತಿದ್ದ. ಇಷ್ಟು ವರ್ಷದ ಆಣೆ ಬಿಚ್ಚಿಹೋಗಿತ್ತು. ನೀರಲ್ಲಿ ತಮ್ಮವರನ್ನು ಬಿಟ್ಟುಬಂದ ಮನೆಗಳೇ ಅಲ್ಲಿ ಹೆಚ್ಚು. ಒಬ್ಬ ಹೆಂಗಸು, ಹಾಗಾದರೆ ಉಳಿದ ಗೋರಿಗಳಲ್ಲಿ ಯಾರಿದ್ದಾರೋ ಏನೋ ಎಂದಳು. ಯಾರೋ ಅವಳ ಬಾಯಿ ಮುಚ್ಚಿಸಿದರು.

ಎವರಿಸ್ತೊ ಗುಂಡಿಯ ಅಂಚಿನಲ್ಲಿ ಸಲಿಕೆ ಅಡ್ಡ ಹಿಡಿದು ನಿಂತಿದ್ದ.

“ಇವನು ಈ ಕಡೆ ಬರಕೂಡದು.”

“ಅಮ್ಮನ್ನ ನೋಡ್ಕೊಂಡು ಹೋಗ್ತೀನಿ, ಎವರಿಸ್ತೊ,” ಎಂದ ಅನ್ಸಾಲ್ದೊ. “ಆಮೇಲೆ ಏನು ಬೇಕಾದ್ರೂ ಮಾಡು.”

“ನಿನ್ನಮ್ಮ ಸಿಕ್ಕಿದ್ಲು. ನನ್ನಣ್ಣ ಎಲ್ಲಿ?”

ಅದನ್ನು ಅವನು ಕೂಗಿ ಕೇಳಿರಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು. ಪೆಟ್ಟಿಗೆ ಹೊತ್ತವರು ಎಲ್ಲಿ ಇಳಿಸಬೇಕೆಂದು ತಿಳಿಯದೆ ಭಾರವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಸರಿಸಿದರು. ಪಾದ್ರಿ ಪುಸ್ತಕ ತೆರೆದವನು ಮತ್ತೆ ಮುಚ್ಚಿದ. ಅನ್ಸಾಲ್ದೊ ತಲೆಯ ಟೊಪ್ಪಿಗೆ ತೆಗೆದು ಹಾಗೇ ನಿಂತ. ಎವರಿಸ್ತೊನ ಸಲಿಕೆ ಒಮ್ಮೆ ಮೇಲೆದ್ದಿತು. ಹೊಡೆದೇಬಿಡುತ್ತಾನೆ ಎಂದುಕೊಂಡಳು ನಿಲ್ದಾ. ಅವಳು ಮುಂದೆ ನುಗ್ಗಿ ಸಲಿಕೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮುದುಕನ ಬಲ ಅವಳ ತೋಳಿಗೆ ತಾಗಿತು.

“ಚಿಕ್ಕಪ್ಪ, ಇದು ನನಗೆ ಬೇಕು,” ಎಂದಳು. “ಅಮ್ಮನಿಗೆ ಬೇರೆ ಗುಂಡಿ ತೋಡಬೇಕು. ಅವಳೇ ಹೇಳಿದ್ಲು. ನಾನು ಕೇಳಲಿಲ್ಲ.”

ಎವರಿಸ್ತೊ ಅವಳ ಕಣ್ಣು ನೋಡಿದ. ಅವನ ಬೆರಳುಗಳು ಒಂದೊಂದಾಗಿ ಸಡಿಲವಾದವು.

ಈ ಗೋರಿಗೂ ಸೈಪ್ರೆಸ್ ಮರಕ್ಕೂ ನಡುವೆ ಒಬ್ಬರು ಮಲಗುವಷ್ಟು ಜಾಗ ಇದೆ, ಬೇರು ಅಡ್ಡ ಬರದಿದ್ದರೆ ಆಗುತ್ತೆ ಎಂದ ಬಸುವಾಲ್ದೊ. ಕಚೇರಿಯವರು ಕೇಳಿದರೆ ತಾನು ನೋಡಿಕೊಳ್ಳುತ್ತೇನೆ ಎಂದ. ನಿಲ್ದಾ ಗೊಂಚಲನ್ನು ಅನ್ಸಾಲ್ದೊಗೆ ಕೊಡಲು ಹೋದಳು. ಅವನು ತಲೆಯಾಡಿಸಿ, ಅದು ಅಮ್ಮನದು, ಅವಳ ಹತ್ತಿರವೇ ಇರಲಿ ಎಂದ. ಆ ಮಾತು ಹೇಳುವಾಗ ಅವನ ದನಿ ಹುಡುಗನದಾಗಿತ್ತು. ಬಸುವಾಲ್ದೊ ಗೊಂಚಲನ್ನೂ ಬಾಚಣಿಗೆಯನ್ನೂ ಒಳಗಿಟ್ಟು ಪಿಯೆರಿನಾಳ ಮುಚ್ಚಳವನ್ನು ಸರಿಯಾಗಿ ಕೂರಿಸಿದ.

ಒತಿಲಿಯಾಳ ಪೆಟ್ಟಿಗೆಯನ್ನು ಎರಡು ಬೆಂಚಿನ ಮೇಲಿಟ್ಟು ಜನ ಕಾದರು. ಗಂಡಸರು ಕೋಟು ಬಿಚ್ಚಿ ಸರದಿಯ ಮೇಲೆ ಅಗೆದರು. ಬೇರು ಅಡ್ಡ ಬಂತು, ಯಾರೋ ಕೊಡಲಿ ತಂದರು. ಹೆಂಗಸರು ಫ್ಲಾಸ್ಕಿನ ಬಿಸಿನೀರು ಹೊಯ್ದು, ಮಾಟೆ ಎಂಬ ಎಲೆಕಷಾಯದ ಸೋರೆಬುರುಡೆಯನ್ನು ಕೈಯಿಂದ ಕೈಗೆ ದಾಟಿಸಿದರು. ಸರದಿ ತನಗೆ ಬಂದಾಗ ನಿಲ್ದಾ ಕೊಳವೆಯಿಂದ ಒಂದು ಗುಟುಕು ಎಳೆದು, ಅನ್ಸಾಲ್ದೊ ನಿಂತಿದ್ದ ಕಡೆಗೆ ನೋಡಿದಳು. ಅವನಿಗೆ ಬುರುಡೆ ಇನ್ನೂ ಹೋಗಿರಲಿಲ್ಲ. ಪಕ್ಕದ ಹೆಂಗಸು ಬಿಸಿನೀರು ತುಂಬಿ, ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಕೊನೆಗೆ ಅವನತ್ತ ಚಾಚಿದಳು.

ಎರಡೂ ಗುಂಡಿಗೆ ಮಣ್ಣು ಬಿದ್ದಾಯಿತು, ಪ್ರಾರ್ಥನೆ ಮುಗಿಯಿತು. ಜನ ಒಬ್ಬೊಬ್ಬರಾಗಿ ನಿಲ್ದಾಳ ಕೆನ್ನೆಗೆ ಕೆನ್ನೆ ತಾಗಿಸಿ ಹೊರಟರು. ಅವಳು ತಿರುಗಿ ನೋಡಿದಾಗ ಎವರಿಸ್ತೊ ಹಳೆಯ ಗೋರಿಯ ಕಲ್ಲಿನ ಮುಂದೆ ಮೊಣಕಾಲೂರಿ, ಚಾಕುವಿನ ತುದಿಯಿಂದ ಅಣ್ಣನ ಹೆಸರಿನ ಫಲಕದ ತಿರುಪು ಬಿಚ್ಚುತ್ತಿದ್ದ. ಮೂರು ತಿರುಪು ಬಂದಿದ್ದವು. ನಾಲ್ಕನೆಯದು ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಕದಲುತ್ತಿರಲಿಲ್ಲ. ಬಲ ಹಾಕಿದರೆ ಇಡೀ ಕಲ್ಲೇ ಅಲ್ಲಾಡುತ್ತಿತ್ತು. ಅನ್ಸಾಲ್ದೊ ಬಂದು ಆ ಬದಿಯಲ್ಲಿ ಕೋಲು ಕೆಳಗಿಟ್ಟು ಕೂತ. ಎರಡೂ ತೋಳುಗಳಿಂದ ಕಲ್ಲನ್ನು ಎದೆಗೆ ಅವಚಿ ಹಿಡಿದ. ಎವರಿಸ್ತೊ ತಲೆಯೆತ್ತಲಿಲ್ಲ. ಚಾಕುವನ್ನು ಮತ್ತೆ ತಿರುಪಿನ ಸೀಳಿಗೆ ಇಟ್ಟು, ಹಲ್ಲು ಕಚ್ಚಿ ತಿರುವಿದ. ಇಬ್ಬರು ಮುದುಕರ ತಲೆಗಳೂ ಒಂದಕ್ಕೊಂದು ತಾಗುವಷ್ಟು ಹತ್ತಿರದಲ್ಲಿದ್ದವು. ಇಬ್ಬರ ಏದುಸಿರೂ ಕೇಳುತ್ತಿತ್ತು.

ತಿರುಪು ಕಿರ್ರೆಂದು ಬಂತು. ಫಲಕದ ಹಿಂದೆ, ಬಿಸಿಲು ಕಾಣದ ಕಲ್ಲು ಬೆಳ್ಳಗೆ ಚೌಕವಾಗಿ ಉಳಿದಿತ್ತು. ಎವರಿಸ್ತೊ ಫಲಕವನ್ನು ನಿಲ್ದಾಳ ಕೈಗಿತ್ತ. ಅವಳು ಅದನ್ನು ಹಿಡಿದುಕೊಂಡು ಒಮ್ಮೆ ಹೊಸ ಮಣ್ಣಿನ ಕಡೆ, ಒಮ್ಮೆ ಗೋಡೆಯಾಚೆ ಹೊಳೆಯುತ್ತಿದ್ದ ನೀರಿನ ಕಡೆ ನೋಡುತ್ತ ನಿಂತಳು.